ಪ್ವಾಟಿಯೇಗೆ 100 ತುಂಬುವಾಗ ಬರೀ ಆಸ್ಕರ್ ಫೋಟೋ ಸಾಲದು: ಫಿಲ್ಮ್ ಸೊಸೈಟಿ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಊರೂರುಗಳಲ್ಲಿ ಫಿಲ್ಮ್ ಸೊಸೈಟಿ ನಡೆಸುವ ಗೆಳೆಯರಿಗೆ, ಕಾಲೇಜುಗಳಲ್ಲಿ ಸಿನಿಮಾ ಪಾಠ ಮಾಡುವ ಮೇಷ್ಟ್ರು ಮತ್ತು ಮೇಡಂಗಳಿಗೆ,

ನಮಸ್ಕಾರ.

2027ರ ಫೆಬ್ರವರಿ 20ಕ್ಕೆ ಹಾಲಿವುಡ್ ನಟ ಸಿಡ್ನಿ ಪ್ವಾಟಿಯೇ ಹುಟ್ಟಿ 100 ವರ್ಷ. ನಿಮ್ಮಲ್ಲಿ ಹಲವರು ಆ ದಿನಕ್ಕೆ ಏನಾದರೂ ಕಾರ್ಯಕ್ರಮ ಇಟ್ಟುಕೊಳ್ಳುತ್ತೀರಿ ಅಂತ ನನ್ನ ನಂಬಿಕೆ. ಇಟ್ಟುಕೊಳ್ಳಲೇಬೇಕು. ಅತ್ಯುತ್ತಮ ನಟ ಆಸ್ಕರ್ ಗೆದ್ದ ಮೊದಲ ಕಪ್ಪು ನಟ ಅವರು. 1964ರ ಆ ಸಂಜೆ ಕೈಯಲ್ಲಿ ಪ್ರತಿಮೆ ಹಿಡಿದು ನಕ್ಕ ಫೋಟೋ ಎಲ್ಲರೂ ನೋಡಿದ್ದೇವೆ. ಬ್ಯಾನರ್ ಮೇಲೆ ಅದೇ ಬರುತ್ತದೆ. ‘ಟು ಸರ್, ವಿತ್ ಲವ್’ ಹಾಕುತ್ತೇವೆ, ಯಾಕೆಂದರೆ ಅದರಲ್ಲಿ ಅವರು ಆಡಿದ ಮೇಷ್ಟ್ರನ್ನು ಕಂಡರೆ ಎಲ್ಲರಿಗೂ ಇಷ್ಟ. ಸಮಯ ಉಳಿದರೆ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’.

ಅಷ್ಟಕ್ಕೇ ನಿಲ್ಲಿಸಬೇಡಿ ಅಂತ ಕೇಳಿಕೊಳ್ಳೋಕೆ ಈ ಪತ್ರ. ಪ್ವಾಟಿಯೇಗೆ ಏನು ಸಿಕ್ಕಿತು ಅನ್ನೋದು ಅವರ ಕಥೆಯ ಒಂದು ಭಾಗ. ಅವರು ಏನೇನನ್ನು ಬೇಡ ಅಂದರು, ಅದಕ್ಕೆ ಎಷ್ಟು ತೆತ್ತರು ಅನ್ನೋದು ಅದಕ್ಕಿಂತ ದೊಡ್ಡ ಭಾಗ. ಸಿನಿಮಾಕ್ಕೆ ಬರಬೇಕು ಅಂತ ಕನಸು ಕಾಣುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಆ ಭಾಗವೇ ಜಾಸ್ತಿ ಬೇಕಾಗಿದೆ.

ಅವರು ಬೆಳೆದದ್ದು ಬಹಾಮಾಸ್‌ನ ಕ್ಯಾಟ್ ಐಲ್ಯಾಂಡ್ ಎಂಬ ದ್ವೀಪದಲ್ಲಿ. ಅಪ್ಪ ರೆಜಿನಾಲ್ಡ್, ಅಮ್ಮ ಎವ್ಲಿನ್ ಟೊಮ್ಯಾಟೊ ಬೆಳೆಗಾರರು. ಬೆಳೆದಿದ್ದನ್ನು ಅಮೆರಿಕದ ಮಯಾಮಿಗೆ ಒಯ್ದು ಮಾರುತ್ತಿದ್ದರು. ಹಾಗೆ ಹೋದಾಗಲೇ, ದಿನ ತುಂಬುವ ಮೊದಲೇ, ಹೆರಿಗೆಯಾಯಿತು. ಕೂಸು ಉಳಿಯೋದಿಲ್ಲ ಅಂತ ಅಪ್ಪ ಹೂಳೋಕೆ ಪುಟ್ಟ ಪೆಟ್ಟಿಗೆಯನ್ನೂ ತಂದಿಟ್ಟಿದ್ದರಂತೆ. ಅಮ್ಮ ಒಪ್ಪಲಿಲ್ಲ. ಕಣಿ ಹೇಳುವ ಹೆಂಗಸಿನ ಹತ್ತಿರ ಹೋಗಿ ಕೇಳಿಕೊಂಡು ಬಂದರು, ಪೆಟ್ಟಿಗೆ ಆಚೆ ಇಡಿಸಿದರು. ಕೂಸು ಉಳಿಯಿತು.

ಕರೆಂಟಿಲ್ಲದ, ನಲ್ಲಿ ನೀರಿಲ್ಲದ ಊರು ಅದು. ಆದರೆ ಅಲ್ಲಿ ಹೆಚ್ಚು ಕಡಿಮೆ ಎಲ್ಲರೂ ಕಪ್ಪು ಜನ. ಹಾಗಾಗಿ ‘ನೀನು ಕೆಳಗಿನವನು’ ಅಂತ ಹುಡುಗನಿಗೆ ಯಾರೂ ಕಲಿಸಲಿಲ್ಲ. ಇದನ್ನು ಪ್ವಾಟಿಯೇ ಜೀವನಪೂರ್ತಿ ಹೇಳಿಕೊಂಡು ಬಂದರು. ಫ್ಲಾರಿಡಾದವರು ಬಹಾಮಾಸ್ ಟೊಮ್ಯಾಟೊ ತರಿಸೋದು ನಿಲ್ಲಿಸಿದಾಗ ಮನೆಯವರ ಬದುಕು ಕುಸಿದು ನಸ್ಸೌ ಪಟ್ಟಣ ಸೇರಿದರು. 15ನೇ ವಯಸ್ಸಿಗೆ ಸಿಡ್ನಿ ಮಯಾಮಿಯಲ್ಲಿದ್ದ ಅಣ್ಣನ ಮನೆಗೆ ಹೋದರು. ಆ ಹೊತ್ತಿಗೆ ತಲೆ ತಗ್ಗಿಸೋದು ಕಲಿಯುವ ವಯಸ್ಸು ದಾಟಿತ್ತು.

ಮಯಾಮಿಯಲ್ಲಿ ಮನೆ ಮನೆಗೆ ಸಾಮಾನು ತಲುಪಿಸುವ ಕೆಲಸ ಸಿಕ್ಕಿತು. ಒಂದು ಬಿಳಿಯರ ಮನೆಯ ಮುಂಬಾಗಿಲು ತಟ್ಟಿದರು. ಹಿತ್ತಿಲ ಬಾಗಿಲಿಗೆ ಹೋಗು ಅಂತ ಮನೆಯಾಕೆ ಗದರಿಸಿದಳು. ನೀವೇ ಇಲ್ಲಿ ನಿಂತಿದ್ದೀರಲ್ಲ, ತಗೊಳ್ಳಿ ಅಂತ ಹುಡುಗ. ಆಕೆ ಬಾಗಿಲು ಹಾಕಿಕೊಂಡಳು, ಇವರು ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಬಂದರು. ಆಮೇಲೆ ಒಂದು ರಾತ್ರಿ, ಕಪ್ಪು ಜನರನ್ನು ಹೆದರಿಸಿ ಕೊಲ್ಲುತ್ತಿದ್ದ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರು ಅಣ್ಣನ ಮನೆಗೆ ಇವರನ್ನು ಹುಡುಕಿಕೊಂಡು ಬಂದರು. ಒಂದು ಪೊಟ್ಟಣಕ್ಕೆ! ಈ ಹುಡುಗ ಆ ಊರಲ್ಲಿ ಬಾಳುವ ಹಾಗಿರಲಿಲ್ಲ.

ನ್ಯೂಯಾರ್ಕ್ ಸೇರಿದಾಗ 16. ಹೋಟೆಲುಗಳಲ್ಲಿ ಪಾತ್ರೆ ತೊಳೆದರು, ಮಾಳಿಗೆ ಮೇಲೆ ಮಲಗಿದರು, ವಯಸ್ಸು ಸುಳ್ಳು ಹೇಳಿ ಸ್ವಲ್ಪ ದಿನ ಸೈನ್ಯಕ್ಕೂ ಹೋಗಿ ಬಂದರು. ಒಂದು ದಿನ ಕಪ್ಪು ಜನರ ಪತ್ರಿಕೆಯೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ ಹುಡುಕುವಾಗ ‘ನಟರು ಬೇಕಾಗಿದ್ದಾರೆ’ ಅನ್ನೋ ಸಾಲು ಕಂಡಿತು. ಅಮೆರಿಕನ್ ನೀಗ್ರೋ ಥಿಯೇಟರ್‌ಗೆ ಹೋದರು. ಓದೋಕೆ ಸರಿಯಾಗಿ ಬರುತ್ತಿರಲಿಲ್ಲ. ಮಾತು ಪೂರ್ತಿ ಬಹಾಮಾಸ್ ಧಾಟಿ. ಪರೀಕ್ಷೆ ಮಾಡುತ್ತಿದ್ದ ಫ್ರೆಡರಿಕ್ ಓನೀಲ್ ಕೈಯಿಂದ ಪುಸ್ತಕ ಕಿತ್ತುಕೊಂಡು, ಹೋಗಿ ಪಾತ್ರೆ ತೊಳೆಯೋ ಕೆಲಸ ನೋಡ್ಕೋ ಅಂತ ಹೊರಗೆ ಕಳಿಸಿದರು.

ನಾನು ಪಾತ್ರೆ ತೊಳೆಯೋನು ಅಂತ ಇವನಿಗೆ ಹೇಗೆ ಗೊತ್ತಾಯಿತು? ಬೀದಿಯುದ್ದಕ್ಕೂ ಇದೇ ಯೋಚನೆ ಕಾಡಿತಂತೆ. ಅವನ ಕಣ್ಣಿಗೆ ನಾನು ಅಷ್ಟೇ ಅಂತಾದರೆ, ಅಷ್ಟೇ ಅಲ್ಲ ಅಂತ ತೋರಿಸಬೇಕು. ಒಂದು ರೇಡಿಯೋ ಕೊಂಡರು. ತಿಂಗಳುಗಟ್ಟಲೆ ನಿರೂಪಕರ ಮಾತನ್ನು ಹಾಗೆ ಹಾಗೇ ಗಟ್ಟಿಯಾಗಿ ಹೇಳಿಕೊಂಡರು. ಓದು ಕಲಿಸಿದ್ದು ಅವರು ಕೆಲಸ ಮಾಡುತ್ತಿದ್ದ ಹೋಟೆಲಿನ ಒಬ್ಬ ವಯಸ್ಸಾದ ಯಹೂದಿ ಸಪ್ಲೈಯರ್. ರಾತ್ರಿ ಗಿರಾಕಿಗಳು ಹೋದ ಮೇಲೆ ಇಬ್ಬರೂ ಪೇಪರ್ ಹರವಿಕೊಂಡು ಕೂರುತ್ತಿದ್ದರು. ತಡವರಿಸಿದ ಪದ ಬಂದಾಗ ಮುದುಕ ನಿಲ್ಲಿಸಿ ಹೇಳಿಕೊಡುತ್ತಿದ್ದ. ಮುಂದೆ ಹೆಸರು ಬಂದ ಮೇಲೆ ಆ ಮನುಷ್ಯನಿಗೆ ಥ್ಯಾಂಕ್ಸ್ ಹೇಳೋಕೆ ಆಗಲಿಲ್ಲವಲ್ಲ ಅಂತ ಪ್ವಾಟಿಯೇ ಕೊನೆತನಕ ಕೊರಗಿದರು. ಅದೇ ಥಿಯೇಟರ್‌ನಲ್ಲಿ ಕಸ ಗುಡಿಸುತ್ತೇನೆ, ಬದಲಿಗೆ ನಟನೆ ಕಲಿಸಿ ಅಂತ ಕೇಳಿ ಒಳಗೆ ಸೇರಿದರು. ಮುಂದೆ ಗಾಯಕನಾಗಿ, ನಟನಾಗಿ ಹೆಸರು ಮಾಡಿದ ಹ್ಯಾರಿ ಬೆಲಫಾಂಟೆಯ ಪರಿಚಯವಾಗಿದ್ದು ಅಲ್ಲೇ.

1950ರಲ್ಲಿ ಮೊದಲ ದೊಡ್ಡ ಚಿತ್ರ, ‘ನೋ ವೇ ಔಟ್’. ಆಗ ಕಪ್ಪು ನಟರಿಗೆ ಹಾಲಿವುಡ್ ಕೊಡುತ್ತಿದ್ದದ್ದು ಆಳು, ಅಡುಗೆಯವಳು, ಕಣ್ಣರಳಿಸಿ ನಗಿಸುವವನು, ಇಂಥವೇ. 1940ರಲ್ಲಿ ಪೋಷಕ ನಟಿಯಾಗಿ ಆಸ್ಕರ್ ಗೆದ್ದ ಹ್ಯಾಟಿ ಮ್ಯಾಕ್‌ಡೇನಿಯಲ್ ಕೂಡ ಮನೆಗೆಲಸದವಳ ಪಾತ್ರಕ್ಕೇ ಗೆದ್ದಿದ್ದು. ಆ ಸಮಾರಂಭದಲ್ಲಿ ಅವರನ್ನು ಜೊತೆ ನಟರಿಂದ ಬೇರೆ ಮೇಜಿನಲ್ಲಿ ಕೂರಿಸಿದ್ದರು. ಅಂಥ ಊರಿನಲ್ಲಿ ಪ್ವಾಟಿಯೇ ಡಾಕ್ಟರ್ ಆಗಿ ಬಂದರು. ಬಿಳಿ ಕೋಟು ಹಾಕಿದ, ಸಿಟ್ಟು ಬಂದರೂ ಕೈ ನಡುಗದ ಡಾಕ್ಟರ್. ಬ್ರಿಟಿಷರ ಕೈಯಲ್ಲಿದ್ದ ಬಹಾಮಾಸ್‌ನಲ್ಲಿ ಈ ಚಿತ್ರಕ್ಕೆ ನಿಷೇಧ ಹಾಕಿದರು. ತಮ್ಮೂರ ಹುಡುಗನ ಚಿತ್ರವನ್ನೇ ತಾವು ನೋಡಬಾರದಾ ಅಂತ ಜನ ಸೇರಿ ‘ಸಿಟಿಜನ್ಸ್ ಕಮಿಟಿ’ ಕಟ್ಟಿದರು, ನಿಷೇಧ ತೆಗೆಸಿದರು. ಆ ದೇಶ ಸ್ವತಂತ್ರವಾಗೋಕೆ ಇನ್ನೂ 23 ವರ್ಷ ಇತ್ತು. ಅಲ್ಲಿನ ಕಪ್ಪು ಜನರ ರಾಜಕೀಯ ಒಗ್ಗಟ್ಟಿನ ಮೊದಮೊದಲ ಹೆಜ್ಜೆಗಳಲ್ಲಿ ಈ ಗಲಾಟೆಯೂ ಒಂದು. ಒಂದು ಸಿನಿಮಾ ಏನು ಮಾಡಬಹುದು ಅಂತ ತರಗತಿಯಲ್ಲಿ ಕೇಳುವ ಹುಡುಗರಿಗೆ ಇದನ್ನು ಹೇಳಿ.

ಇನ್ನು, ನಾನು ಮುಖ್ಯ ಅಂದುಕೊಂಡಿರುವ ಘಟನೆ. ಇದು ಪರದೆ ಮೇಲೆ ನಡೆದದ್ದಲ್ಲ.

1950ರ ದಶಕದ ಮಧ್ಯಭಾಗ. ಕೈಯಲ್ಲಿ ಕಾಸಿಲ್ಲ. ಹೆಂಡತಿ ವನೀಟಾ ಎರಡನೇ ಹೆರಿಗೆಗೆ ಸಿದ್ಧವಾಗಿದ್ದಾರೆ. ಮಾರ್ಟಿ ಬಾಮ್ ಎಂಬ ಏಜೆಂಟ್ ಒಂದು ಪಾತ್ರ ತಂದರು. ಒಳ್ಳೆ ದುಡ್ಡು. ಪಾತ್ರ ಕಟ್ಟಡ ಗುಡಿಸಿ ನೋಡಿಕೊಳ್ಳುವ ಒಬ್ಬ ಜಾನಿಟರ್‌ನದು. ಅವನು ಏನೋ ಅಪರಾಧ ನೋಡಿಬಿಟ್ಟಿರುತ್ತಾನೆ. ಬಾಯಿ ಬಿಡಬಾರದು ಅಂತ ಗೂಂಡಾಗಳು ಅವನ ಪುಟ್ಟ ಮಗಳನ್ನು ಕೊಂದು ಹೆಣವನ್ನು ಮನೆ ಮುಂದಿನ ಹುಲ್ಲಿನ ಮೇಲೆ ಎಸೆದು ಹೋಗುತ್ತಾರೆ. ಅಪ್ಪ ಸುಮ್ಮನಿರುತ್ತಾನೆ. ಅವನ ಪಾತ್ರ ಅಷ್ಟೇ.

ಪ್ವಾಟಿಯೇ ಓದಿದರು, ಆಗೋದಿಲ್ಲ ಅಂದರು. ಬಾಮ್‌ಗೆ ಅರ್ಥವಾಗಲಿಲ್ಲ. ಇದರಲ್ಲಿ ಕಪ್ಪು ಜನರಿಗೆ ಬೈಗುಳ ಇಲ್ಲ, ಅವಮಾನ ಇಲ್ಲ, ಮತ್ತೇನು ಕಷ್ಟ? ಪ್ವಾಟಿಯೇ ಆಗ ಕಾರಣ ಬಿಡಿಸಿ ಹೇಳಲಿಲ್ಲ. ಮನಸ್ಸಲ್ಲಿದ್ದದ್ದು ಅಪ್ಪ ರೆಜಿನಾಲ್ಡ್. ಮಗಳನ್ನು ಕೊಂದು ಎಸೆದರೂ ಬಾಯಿ ಮುಚ್ಚಿಕೊಂಡಿರುವ ಅಪ್ಪನನ್ನು ತಾನು ಆಡಿದರೆ, ಟೊಮ್ಯಾಟೊ ಹೊಲದಲ್ಲಿ ಬೆನ್ನು ಮುರಿದುಕೊಂಡ ಆ ಮನುಷ್ಯನಿಗೆ ಏನು ಹೇಳೋದು? ಏಜೆಂಟ್ ಕಚೇರಿಯಿಂದ ಹೊರಟು ಸೀದಾ ಸಾಲ ಕೊಡುವವರ ಹತ್ತಿರ ಹೋದರು. ಮನೆಯ ಮೇಜು ಕುರ್ಚಿ ಅಡ ಇಟ್ಟು 75 ಡಾಲರ್ ತಂದು ಆಸ್ಪತ್ರೆ ಖರ್ಚಿಗೆ ಇಟ್ಟುಕೊಂಡರು. ಮಗಳು ಪಮೇಲಾ ಹುಟ್ಟಿದಳು.

ಕೆಲವು ತಿಂಗಳ ಮೇಲೆ ಬಾಮ್ ಮತ್ತೆ ಕರೆಸಿದರು. ಯಾಕೆ ಬೇಡ ಅಂದೆ ಅಂತ ಈಗಲೂ ಗೊತ್ತಾಗುತ್ತಿಲ್ಲ, ಆದರೆ ಇಷ್ಟು ಹುಚ್ಚು ಇರುವವನಿಗೆ ನಾನೇ ಏಜೆಂಟ್ ಆಗುತ್ತೇನೆ ಅಂದರು. ಆ ಸಂಬಂಧ ದಶಕಗಳ ಕಾಲ ನಡೆಯಿತು.

ಈ ಕಥೆ ನನಗೆ ಯಾಕೆ ಇಷ್ಟು ಹಿಡಿಸುತ್ತದೆ ಅಂದರೆ, ಆಗ ಅವರು ಸ್ಟಾರ್ ಅಲ್ಲ. ಸ್ಟಾರ್ ಆದ ಮೇಲೆ ಬೇಡ ಅನ್ನೋದು ಸುಲಭ, ಹತ್ತು ಜನ ಕಾಯುತ್ತಿರುತ್ತಾರೆ. ಬಾಡಿಗೆ ಕಟ್ಟೋಕೆ ಕಷ್ಟ ಇರುವಾಗ, ಬೈಗುಳವೇ ಇಲ್ಲದ ಪಾತ್ರವನ್ನು ಬೇಡ ಅನ್ನೋದು ಬೇರೆ. ಬೈಗುಳ ಇದ್ದರೆ ಎಲ್ಲರಿಗೂ ಕಾಣುತ್ತದೆ. ಪಾತ್ರಕ್ಕೆ ಬೆನ್ನುಮೂಳೆಯೇ ಇಲ್ಲ ಅನ್ನೋದು ಸುಮ್ನೆ ಓದಿದರೆ ಕಾಣೋದಿಲ್ಲ. ಅವರಿಗೆ ಕಂಡಿತ್ತು.

ಅದೇ ಹೊತ್ತಿನಲ್ಲಿ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಬಂತು. ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಬೇಟೆಯಾಡುತ್ತಿದ್ದ ಕಾಲ ಅದು. ಸ್ಟುಡಿಯೋ ವಕೀಲರು ನಿಷ್ಠೆಯ ಪ್ರಮಾಣಪತ್ರ ಮುಂದಿಟ್ಟರು. ಕಮ್ಯುನಿಸ್ಟ್ ಎಂಬ ಶಂಕೆಗೆ ಗುರಿಯಾಗಿದ್ದ ಪಾಲ್ ರೋಬ್ಸನ್, ಕೆನಡಾ ಲೀ ಇಬ್ಬರೊಂದಿಗೂ ತನಗೆ ಸಂಬಂಧವಿಲ್ಲ ಅಂತ ಬರೆದುಕೊಡಬೇಕಿತ್ತು. ರೋಬ್ಸನ್ ಪಾಸ್‌ಪೋರ್ಟನ್ನು ಸರ್ಕಾರ 1950ರಲ್ಲೇ ಕಿತ್ತುಕೊಂಡಿತ್ತು. ಕೆನಡಾ ಲೀ 1952ರಲ್ಲಿ ತೀರಿಕೊಂಡಿದ್ದರು. ಇಬ್ಬರೂ ಪ್ವಾಟಿಯೇಗಿಂತ ಮುಂಚೆ ಇದೇ ದಾರಿ ಸವೆಸಿದ ಕಪ್ಪು ನಟರು. ಲೀ ಜೊತೆ ಪ್ವಾಟಿಯೇ ದಕ್ಷಿಣ ಆಫ್ರಿಕಾದಲ್ಲಿ ‘ಕ್ರೈ, ದ ಬಿಲವೆಡ್ ಕಂಟ್ರಿ’ ಮಾಡಿದ್ದರು. ಅಲ್ಲಿನ ವರ್ಣಭೇದದ ಕಾನೂನಿನಲ್ಲಿ ಕಪ್ಪು ನಟರು ನಟರಾಗಿ ದೇಶದೊಳಗೆ ಬರುವ ಹಾಗಿರಲಿಲ್ಲ. ನಿರ್ದೇಶಕರ ಜೀತದ ಕೂಲಿಗಳು ಅಂತ ಕಾಗದದಲ್ಲಿ ಬರೆಸಿ ಇಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಹಾಗೆ ಜೊತೆಗಿದ್ದ ಹಿರಿಯನನ್ನು ಒಂದು ಸಹಿಗಾಗಿ ಬಿಟ್ಟುಕೊಡೋದಾ? ಪ್ವಾಟಿಯೇ ಸಹಿ ಹಾಕಲಿಲ್ಲ. ನಿರ್ದೇಶಕ ರಿಚರ್ಡ್ ಬ್ರೂಕ್ಸ್ ಬೆನ್ನಿಗೆ ನಿಂತರು, ಚಿತ್ರೀಕರಣ ನಡೆಯಿತು.

ಎಲ್ಲ ಸಲವೂ ಅವರ ‘ಬೇಡ’ ನಡೆಯಲಿಲ್ಲ. ‘ಪೋರ್ಗಿ ಆ್ಯಂಡ್ ಬೆಸ್’ ಅವರಿಗೆ ಇಷ್ಟವೇ ಇರಲಿಲ್ಲ. ಅವರನ್ನು ಕೇಳದೆ ಯಾರೋ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್‌ಗೆ ಮಾತು ಕೊಟ್ಟಿದ್ದರು. ಇದನ್ನು ಬಿಟ್ಟರೆ ‘ದ ಡಿಫೈಯಂಟ್ ಒನ್ಸ್’ ಕೈ ತಪ್ಪುವ ಹಾಗಿತ್ತು. ಒಪ್ಪಿಕೊಂಡರು. ಮುಂದೆ ಅದರ ಬಗ್ಗೆ ಅವರು ಹೆಮ್ಮೆಯಿಂದ ಮಾತಾಡಲೇ ಇಲ್ಲ. ಇದನ್ನೂ ಮುಚ್ಚಿಡಬೇಡಿ. ಮಹಾತ್ಮನ ಹಾಗೆ ತೋರಿಸಿದರೆ ಹುಡುಗರಿಗೆ ಅವರು ದೂರವಾಗುತ್ತಾರೆ.

1958ರ ‘ದ ಡಿಫೈಯಂಟ್ ಒನ್ಸ್’ನಲ್ಲಿ ಒಂದೇ ಸರಪಳಿಗೆ ಬಿಗಿದ ಇಬ್ಬರು ಕೈದಿಗಳು ಓಡಿ ಹೋಗುತ್ತಾರೆ. ಒಬ್ಬ ಬಿಳಿಯ, ಒಬ್ಬ ಕಪ್ಪು. ಕೊನೆಗೆ ಕಪ್ಪು ಕೈದಿ ರೈಲು ಹತ್ತಿ ಪಾರಾಗುವಷ್ಟರಲ್ಲಿ, ಹತ್ತಲಾಗದ ಬಿಳಿ ಗೆಳೆಯನಿಗಾಗಿ ಹಾರಿ ಕೆಳಗೆ ಬೀಳುತ್ತಾನೆ. ಬಿಳಿ ಪ್ರೇಕ್ಷಕರು ಕಣ್ಣು ಒರೆಸಿಕೊಂಡರು. ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಥಿಯೇಟರ್‌ನಲ್ಲಿ ಕಪ್ಪು ಪ್ರೇಕ್ಷಕರು, ರೈಲು ಹತ್ತೋ ದಡ್ಡ ಅಂತ ಕೂಗಿಕೊಂಡರು. ಲೇಖಕ ಜೇಮ್ಸ್ ಬಾಲ್ಡ್‌ವಿನ್ ಇದನ್ನು ಬರೆದಿಟ್ಟಿದ್ದಾರೆ. ನೀವು ಈ ಚಿತ್ರ ತೋರಿಸಿದರೆ ಆ ಕ್ಷಣದಲ್ಲಿ ನಿಲ್ಲಿಸಿ ಸಭೆಯನ್ನೇ ಕೇಳಿ. ಹಾರಬೇಕಿತ್ತಾ? ಈ ಚಿತ್ರಕ್ಕೇ ಅವರು ಅತ್ಯುತ್ತಮ ನಟ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಕಪ್ಪು ನಟರಾದರು.

ಆಸ್ಕರ್ ತಂದುಕೊಟ್ಟ ‘ಲಿಲೀಸ್ ಆಫ್ ದ ಫೀಲ್ಡ್’ ಸಣ್ಣ ಚಿತ್ರ. ಅರಿಜೋನಾದಲ್ಲಿ ಎರಡು ವಾರದಲ್ಲಿ ಮುಗಿಸಿದ್ದು. ನಿರ್ಮಾಪಕರ ಹತ್ತಿರ ದುಡ್ಡಿರಲಿಲ್ಲ, ಹಾಗಾಗಿ ಕಡಿಮೆ ಸಂಭಾವನೆ ತಗೊಂಡು ಲಾಭದಲ್ಲಿ ಪಾಲು ಕೇಳಿದರು. ಅದರಲ್ಲಿ ಸನ್ಯಾಸಿನಿಯರ ಜೊತೆ ಹಾಡು ಹೇಳುತ್ತಾರಲ್ಲ, ಅದು ಅವರ ದನಿಯಲ್ಲ. ಅವರಿಗೆ ಹಾಡೋಕೆ ಬರುತ್ತಿರಲಿಲ್ಲ. ಹಾಡಿದ್ದು ಜೆಸ್ಟರ್ ಹೇರ್‌ಸ್ಟನ್.

ಪ್ರಶಸ್ತಿ ಬಂದದ್ದು 1964ರ ಏಪ್ರಿಲ್ 13ರಂದು. ಅದೇ ವರ್ಷದ ಬೇಸಿಗೆಯಲ್ಲಿ ಅವರು ಎಲ್ಲಿದ್ದರು ಅನ್ನೋದು ಬ್ಯಾನರ್ ಮೇಲೆ ಬರೋದಿಲ್ಲ. ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಚಳವಳಿ ನಡೆಯುತ್ತಿತ್ತು. ಮೂವರು ಕಾರ್ಯಕರ್ತರನ್ನು ಕೊಂದು ಹೂತಿದ್ದರು. ಹುಡುಗರ ಹತ್ತಿರ ದುಡ್ಡು ಖಾಲಿ. ಬೆಲಫಾಂಟೆ 70,000 ಡಾಲರ್ ಕೂಡಿಸಿ, ನನ್ನ ಜೊತೆ ಬಾ, ಇಬ್ಬರು ಪ್ರಸಿದ್ಧರಿದ್ದರೆ ಕೊಲ್ಲೋಕೆ ಯೋಚಿಸುತ್ತಾರೆ ಅಂತ ಗೆಳೆಯನನ್ನು ಕರೆದರು. ಇಬ್ಬರೂ ರಾತ್ರಿ ಹೊತ್ತು ಗ್ರೀನ್‌ವುಡ್‌ಗೆ ಇಳಿದರು. ವಿಮಾನದಿಂದ ಊರಿಗೆ ಹೋಗುವ ದಾರಿಯಲ್ಲಿ ಕ್ಲಾನ್‌ನವರ ಗಾಡಿಗಳು ಬೆನ್ನಟ್ಟಿ ಕಾರಿಗೆ ಹಿಂದಿನಿಂದ ಗುದ್ದಿದವು. ದುಡ್ಡು ತಲುಪಿತು. ಆಸ್ಕರ್ ಗೆದ್ದು ನಾಲ್ಕು ತಿಂಗಳಾಗಿತ್ತು.

ಆ ರಾತ್ರಿಯ ನೆನಪೇ ಮುಂದೆ ಇನ್ನೊಂದು ‘ಬೇಡ’ ಆಯಿತು. ‘ಇನ್ ದ ಹೀಟ್ ಆಫ್ ದ ನೈಟ್’ ಕಥೆ ನಡೆಯೋದು ಮಿಸಿಸಿಪ್ಪಿಯಲ್ಲಿ. ಅಲ್ಲಿಗೆ ಕಾಲಿಡೋದಿಲ್ಲ ಅಂದರು ಪ್ವಾಟಿಯೇ. ನಿರ್ದೇಶಕ ನಾರ್ಮನ್ ಜ್ಯೂಯಿಸನ್ ಉತ್ತರದ ಇಲಿನಾಯ್ ರಾಜ್ಯದಲ್ಲಿ ಸ್ಪಾರ್ಟಾ ಅನ್ನೋ ಊರು ಹುಡುಕಿದರು. ಬೋರ್ಡುಗಳನ್ನು ಬದಲಿಸೋದು ಬೇಡ ಅಂತ ಕಥೆಯ ಊರಿಗೂ ಅದೇ ಹೆಸರಿಟ್ಟರು. ಹತ್ತಿ ತೋಟ ಮಾತ್ರ ಅಲ್ಲಿ ಸಿಗಲಿಲ್ಲ. ಅದಕ್ಕೆ ದಕ್ಷಿಣದ ಟೆನೆಸ್ಸಿಗೆ ಕೆಲವು ದಿನ ಹೋಗಬೇಕಾಯಿತು. ಆ ರಾತ್ರಿಗಳಲ್ಲಿ ಪ್ವಾಟಿಯೇ ದಿಂಬಿನ ಕೆಳಗೆ ಪಿಸ್ತೂಲು ಇಟ್ಟುಕೊಂಡು ಮಲಗಿದರು.

ಈ ಚಿತ್ರ ಹಾಕಿದಾಗ ಗಾಜಿನ ಮನೆಯ ದೃಶ್ಯವನ್ನು ದಯವಿಟ್ಟು ಎರಡು ಸಲ ತೋರಿಸಿ. ಫಿಲಡೆಲ್ಫಿಯಾದ ಪತ್ತೇದಾರಿ ವರ್ಜಿಲ್ ಟಿಬ್ಸ್, ಸ್ಥಳೀಯ ಪೊಲೀಸ್ ಮುಖ್ಯಸ್ಥನ ಜೊತೆ ಹತ್ತಿ ತೋಟದ ಮಾಲೀಕ ಎಂಡಿಕಾಟ್‌ನನ್ನು ನೋಡೋಕೆ ಬರುತ್ತಾನೆ. ಸುತ್ತ ಆರ್ಕಿಡ್ ಗಿಡಗಳು. ಮೊದಲು ಗಿಡಗಳ ಮಾತು, ಬಹಳ ನಯವಾಗಿ. ನನ್ನನ್ನೇ ವಿಚಾರಣೆ ಮಾಡುತ್ತಿದ್ದಾನೆ ಅಂತ ಹೊಳೆದ ಕೂಡಲೇ ಮಾಲೀಕ ಟಿಬ್ಸ್ ಕೆನ್ನೆಗೆ ಹೊಡೆಯುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಟಿಬ್ಸ್ ತಿರುಗಿಸಿ ಹೊಡೆಯುತ್ತಾನೆ. ಮೊದಲ ಸಲ ನೋಡುವಾಗ ಎಲ್ಲರ ಕಣ್ಣೂ ಆ ಇಬ್ಬರ ಮೇಲಿರುತ್ತದೆ. ಎರಡನೇ ಸಲ, ಪಾನಕದ ತಟ್ಟೆ ಹಿಡಿದು ನಿಂತ ಕಪ್ಪು ಆಳಿನ ಮುಖ ನೋಡೋಕೆ ಹೇಳಿ. ಆ ಕ್ಷಣ ಅವನಿಗೆ ಮಾತೇ ಇಲ್ಲ. ಇಡೀ ದಕ್ಷಿಣದ ಚರಿತ್ರೆ ಅಲ್ಲಿ ತಟ್ಟೆ ಹಿಡಿದು ನಿಂತಿದೆ. ಮೂಲ ಕಾದಂಬರಿಯಲ್ಲಿ ಈ ಏಟು ಇಲ್ಲ. ಚಿತ್ರದ ಯಾವ ಪ್ರಿಂಟ್‌ನಿಂದಲೂ ಇದನ್ನು ಕತ್ತರಿಸಬಾರದು ಅಂತ ಪಟ್ಟು ಹಿಡಿದಿದ್ದೆ ಎಂದು ಪ್ವಾಟಿಯೇ ಮುಂದೆ ಹೇಳಿಕೊಂಡಿದ್ದಾರೆ.

ಆ ಚಿತ್ರ ಅತ್ಯುತ್ತಮ ಚಿತ್ರ ಆಸ್ಕರ್ ಪಡೆಯಿತು. ಪೊಲೀಸ್ ಮುಖ್ಯಸ್ಥನಾಗಿದ್ದ ರಾಡ್ ಸ್ಟೈಗರ್ ಅತ್ಯುತ್ತಮ ನಟ. 1967ರಲ್ಲಿ ಮೂರು ಭಾರಿ ಹಿಟ್ ಕೊಟ್ಟ ಪ್ವಾಟಿಯೇ ಹೆಸರು ಆ ವರ್ಷದ ನಾಮನಿರ್ದೇಶನದಲ್ಲೇ ಇರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದಿದ್ದರಿಂದ ಆ ಸಲದ ಸಮಾರಂಭವನ್ನು ಎರಡು ದಿನ ಮುಂದೂಡಿದ್ದರು.

ಇಲ್ಲಿಗೆ ಬಂದಾಗ ಇನ್ನೊಂದು ದನಿಯನ್ನೂ ಕೇಳಿಸಬೇಕು. 1967ರ ಸೆಪ್ಟೆಂಬರ್‌ನಲ್ಲಿ ಕಪ್ಪು ನಾಟಕಕಾರ ಕ್ಲಿಫರ್ಡ್ ಮೇಸನ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಒಂದು ಲೇಖನ ಬರೆದರು. ಬಿಳಿ ಅಮೆರಿಕಕ್ಕೆ ಈ ನಟ ಯಾಕೆ ಇಷ್ಟು ಇಷ್ಟ ಅನ್ನೋದು ಅವರ ಪ್ರಶ್ನೆ. ಪ್ವಾಟಿಯೇ ಪಾತ್ರಗಳಿಗೆ ಸಂಸಾರವಿಲ್ಲ, ಪ್ರೀತಿಯಿಲ್ಲ, ಅವರ ಕೇರಿಯಿಲ್ಲ, ಬಿಳಿಯರ ಕಷ್ಟ ಬಗೆಹರಿಸೋದೇ ಕೆಲಸ ಅಂದರು. ತುಂಬ ಕಟುವಾದ ಮಾತುಗಳಿದ್ದವು. ಪ್ವಾಟಿಯೇಗೆ ಬಹಳ ನೋವಾಯಿತು.

ಮೇಸನ್ ಹೇಳಿದ್ದರಲ್ಲಿ ನಿಜ ಇದೆ. ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ ನೋಡಿ. ಬಿಳಿ ಹುಡುಗಿಯನ್ನು ಮದುವೆಯಾಗಲು ಬರುವ ಕಪ್ಪು ಗಂಡು ಜಗತ್ಪ್ರಸಿದ್ಧ ಡಾಕ್ಟರ್ ಆಗಿರಬೇಕು, ಒಂದೂ ಕೊರತೆ ಇರಬಾರದು. ಇಬ್ಬರ ಮುತ್ತು ಕಾಣಿಸೋದು ಟ್ಯಾಕ್ಸಿಯ ಕನ್ನಡಿಯಲ್ಲಿ, ಒಂದೇ ಕ್ಷಣ. ಆ ವರ್ಷದ ಜೂನ್ 12ರವರೆಗೂ 16 ರಾಜ್ಯಗಳಲ್ಲಿ ಇಂಥ ಮದುವೆ ಅಪರಾಧವಾಗಿತ್ತು, ಸುಪ್ರೀಂ ಕೋರ್ಟ್ ಆ ದಿನ ಅದನ್ನು ತೆಗೆದುಹಾಕಿತು. ‘ಟು ಸರ್, ವಿತ್ ಲವ್’ ಕೂಡ ಹಾಗೆಯೇ. ಇ. ಆರ್. ಬ್ರೈತ್‌ವೇಟ್ ಅವರ ಮೂಲ ಪುಸ್ತಕದಲ್ಲಿ ಕಪ್ಪು ಮೇಷ್ಟ್ರಿಗೂ ಬಿಳಿ ಟೀಚರ್‌ಗೂ ಗಟ್ಟಿಯಾದ ಪ್ರೀತಿ ಇದೆ. ಚಿತ್ರದಲ್ಲಿ ಅದು ಒಂದು ನೋಟಕ್ಕೆ ಇಳಿದಿದೆ. ನಾವು ಅಷ್ಟು ಮೆಚ್ಚುವ ಆ ಮೇಷ್ಟ್ರಿಂದ ಪ್ರೀತಿಸುವ ಹಕ್ಕನ್ನು ಕಿತ್ತುಕೊಂಡಿದ್ದಾರೆ ಅಂತ ನಮ್ಮ ಸಭೆಗಳಲ್ಲಿ ಯಾರಾದರೂ ಹೇಳಬೇಕಲ್ವಾ?

ಆದರೆ ತಪ್ಪು ಯಾರದು? ಹಾಲಿವುಡ್ ಒಬ್ಬರಿಗೆ ಮಾತ್ರ ಬಾಗಿಲು ತೆರೆದಿತ್ತು. ಆ ಒಬ್ಬನೇ ಎಲ್ಲ ಕಪ್ಪು ಗಂಡಸರ ಪರವಾಗಿ ಪರದೆ ಮೇಲೆ ನಿಲ್ಲಬೇಕಿತ್ತು. ಅವನು ಕುಡಿದರೆ ಎಲ್ಲರೂ ಕುಡುಕರು, ಅವನು ಕದ್ದರೆ ಎಲ್ಲರೂ ಕಳ್ಳರು. ಬಿಳಿ ನಟನಿಗೆ ಈ ಭಾರ ಇರಲಿಲ್ಲ. ಅವನು ಇವತ್ತು ಕಳ್ಳ, ನಾಳೆ ದೊರೆ. ಇಪ್ಪತ್ತು ವರ್ಷ ಆ ಭಾರ ಹೊತ್ತುಕೊಂಡು, ಒಂದು ಪಾತ್ರದಲ್ಲೂ ತನ್ನ ಜನರನ್ನು ಕುಗ್ಗಿಸಬಾರದು ಅಂತ ಹಲ್ಲು ಕಚ್ಚಿ ನಡೆದ ಮನುಷ್ಯನನ್ನು ‘ಬಿಳಿಯರ ಮೆಚ್ಚಿನವನು’ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋದು ನನಗೆ ಒಪ್ಪಿಗೆಯಿಲ್ಲ. ದೂರಬೇಕಾದದ್ದು ಒಬ್ಬರಿಗಿಂತ ಹೆಚ್ಚು ಜನರನ್ನು ಒಳಗೆ ಬಿಡದ ಸ್ಟುಡಿಯೋಗಳನ್ನು. ಪ್ವಾಟಿಯೇ ನಂತರ ಅತ್ಯುತ್ತಮ ನಟ ಆಸ್ಕರ್ ಇನ್ನೊಬ್ಬ ಕಪ್ಪು ನಟನಿಗೆ ಸಿಗೋಕೆ 38 ವರ್ಷ ಬೇಕಾಯಿತು. 2002ರಲ್ಲಿ ಡೆಂಜಲ್ ವಾಷಿಂಗ್ಟನ್‌ಗೆ.

ಮೇಸನ್ ಕೇಳಿದ ಸಂಸಾರ, ಕೇರಿ, ಸಿಟ್ಟು, ಸೋಲು ಎಲ್ಲ ಇರುವ ಪಾತ್ರವನ್ನೂ ಪ್ವಾಟಿಯೇ ಆಡಿದ್ದಾರೆ. ಅದು ‘ಎ ರೈಸಿನ್ ಇನ್ ದ ಸನ್’. ನಾಟಕ ಬರೆದವರು ಲೊರೇನ್ ಹ್ಯಾನ್ಸ್‌ಬೆರಿ. 1959ರಲ್ಲಿ ನ್ಯೂಯಾರ್ಕ್‌ನ ನಾಟಕ ಕೇಂದ್ರ ಬ್ರಾಡ್‌ವೇಗೆ ಬಂತು, ನಿರ್ದೇಶಿಸಿದ್ದು ಲಾಯ್ಡ್ ರಿಚರ್ಡ್ಸ್. 1961ರಲ್ಲಿ ಚಿತ್ರವಾಯಿತು. ಶಿಕಾಗೋದ ಒಂದು ಇಕ್ಕಟ್ಟಾದ ಮನೆ. ಅಪ್ಪ ಸತ್ತ ಮೇಲೆ 10,000 ಡಾಲರ್ ವಿಮೆ ಹಣ ಬರುತ್ತದೆ. ಅಮ್ಮ ಬಿಳಿಯರ ಬಡಾವಣೆಯಲ್ಲಿ ಮನೆ ಕೊಳ್ಳೋಕೆ ಮುಂಗಡ ಕೊಡುತ್ತಾಳೆ. ಮಗ ವಾಲ್ಟರ್ ಲೀ ಉಳಿದ ಹಣವನ್ನು ನಂಬಬಾರದವನ ಕೈಗೆ ಕೊಟ್ಟು ಕಳೆಯುತ್ತಾನೆ. ಆ ಬಡಾವಣೆಯವರು, ನೀವು ಇಲ್ಲಿಗೆ ಬರಬೇಡಿ, ದುಡ್ಡು ಕೊಡುತ್ತೇವೆ ಅಂತ ಒಬ್ಬನನ್ನು ಕಳಿಸುತ್ತಾರೆ. ವಾಲ್ಟರ್ ದುಡ್ಡು ತಗೊಳ್ಳೋಕೆ ಸಿದ್ಧನಾಗುತ್ತಾನೆ, ಮಂಡಿಯೂರಿ ಹೇಗೆ ಬೇಡಿಕೊಳ್ಳುತ್ತೇನೆ ಅಂತ ಮನೆಯವರ ಮುಂದೆ ಮಾಡಿಯೂ ತೋರಿಸುತ್ತಾನೆ. ಬಡಾವಣೆಯ ಆ ಮನುಷ್ಯ ಬಂದಾಗ ಅಮ್ಮ ಮೊಮ್ಮಗನನ್ನು ಅಲ್ಲೇ ನಿಲ್ಲಿಸಿ, ನಿನ್ನ ಮಗನ ಎದುರಿಗೇ ಮಾತಾಡು ಅನ್ನುತ್ತಾಳೆ. ಪ್ವಾಟಿಯೇ ಮುಖ ನೋಡಬೇಕು ಆಗ. ಗಂಟಲು ಕಟ್ಟುತ್ತದೆ, ಮಾತು ಸಿಗೋದಿಲ್ಲ, ತಡವರಿಸಿ ತಡವರಿಸಿ, ನಿಮ್ಮ ದುಡ್ಡು ಬೇಡ ಅನ್ನುತ್ತಾನೆ. ಟೊಮ್ಯಾಟೊ ಬೆಳೆಗಾರನ ಮಗ, 75 ಡಾಲರ್‌ಗೆ ಮೇಜು ಕುರ್ಚಿ ಅಡ ಇಟ್ಟವನು, ಅದನ್ನು ಆಡುತ್ತಿದ್ದಾನೆ ಅಂತ ಗೊತ್ತಿದ್ದು ನೋಡಿದರೆ ಆ ದೃಶ್ಯ ಇನ್ನೂ ಆಳಕ್ಕೆ ಇಳಿಯುತ್ತದೆ. ಅವರ ಅತ್ಯುತ್ತಮ ಅಭಿನಯ ಇದೇ ಅಂತ ನನ್ನ ಅಭಿಪ್ರಾಯ. ಇದಕ್ಕೆ ಆಸ್ಕರ್ ನಾಮನಿರ್ದೇಶನ ಕೂಡ ಬರಲಿಲ್ಲ.

ಆಮೇಲೆ ಅವರು ಕ್ಯಾಮೆರಾ ಹಿಂದಕ್ಕೆ ಹೋದರು. 1972ರ ‘ಬಕ್ ಆ್ಯಂಡ್ ದ ಪ್ರೀಚರ್’ ಅವರ ನಿರ್ದೇಶನದ ಮೊದಲ ಚಿತ್ರ. ಬೇರೆ ನಿರ್ದೇಶಕರ ಜೊತೆ ಶುರುವಾಗಿ, ಕೆಲವೇ ದಿನದಲ್ಲಿ ಪ್ವಾಟಿಯೇ ಕೈಗೆ ಬಂತು. ಕೌಬಾಯ್ ಚಿತ್ರಗಳಲ್ಲಿ ಕಪ್ಪು ಜನ ಕಾಣುತ್ತಿದ್ದದ್ದೇ ಅಪರೂಪ. ಇದರಲ್ಲಿ ಬಿಡುಗಡೆಯಾದ ಗುಲಾಮರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟಿದ್ದಾರೆ. ಕೂಲಿಗೆ ಜನ ಬೇಕಾದ ಬಿಳಿ ಜಮೀನ್ದಾರರು ಅವರನ್ನು ಹಿಂದಕ್ಕೆ ಅಟ್ಟಿಸಲು ಗೂಂಡಾಗಳನ್ನು ಬಿಟ್ಟಿದ್ದಾರೆ. ಪ್ವಾಟಿಯೇ ದಾರಿ ತೋರಿಸುವವನು, ಬೆಲಫಾಂಟೆ ಮೋಸಗಾರ ಪಾದ್ರಿ. ಇಬ್ಬರೂ ಕುದುರೆ ಏರಿ, ಬಂದೂಕು ಹಿಡಿದು, ನಗುತ್ತಾ ಹೊಡೆದಾಡುತ್ತಾರೆ. ಚಿತ್ರದ ತುಂಬ ಸಂಸಾರಗಳಿವೆ, ಮುದುಕಿಯರಿದ್ದಾರೆ, ಮಕ್ಕಳಿದ್ದಾರೆ. 1967ರಲ್ಲಿ ಅವರ ಮೇಲೆ ಬಂದ ಆರೋಪಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. 1980ರಲ್ಲಿ ಅವರು ನಿರ್ದೇಶಿಸಿದ ಹಾಸ್ಯ ಚಿತ್ರ ‘ಸ್ಟರ್ ಕ್ರೇಜಿ’ 10 ಕೋಟಿ ಡಾಲರ್ ದಾಟಿತು. ಕಪ್ಪು ನಿರ್ದೇಶಕರೊಬ್ಬರ ಚಿತ್ರ ಅಷ್ಟು ಗಳಿಸಿದ್ದು ಅದೇ ಮೊದಲು.

ಮುಂದೆ ಜಪಾನ್‌ಗೆ ಬಹಾಮಾಸ್ ರಾಯಭಾರಿಯಾದರು. 2022ರ ಜನವರಿ 6ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ನಸ್ಸೌನಲ್ಲಿ ಒಂದು ಸೇತುವೆಗೆ ಅವರ ಹೆಸರಿದೆ.

ಈಗ ನನ್ನ ಬೇಡಿಕೆ. 2027ರ ಫೆಬ್ರವರಿ 20 ಶನಿವಾರ, ಮರುದಿನ ಭಾನುವಾರ. ಎರಡು ದಿನ ಸಿಗುತ್ತದೆ. ಶನಿವಾರ ‘ನೋ ವೇ ಔಟ್’ ಮತ್ತು ‘ಎ ರೈಸಿನ್ ಇನ್ ದ ಸನ್’ ಹಾಕಿ. ಭಾನುವಾರ ‘ಇನ್ ದ ಹೀಟ್ ಆಫ್ ದ ನೈಟ್’ ಮತ್ತು ‘ಬಕ್ ಆ್ಯಂಡ್ ದ ಪ್ರೀಚರ್’. ಮೇಷ್ಟ್ರ ಚಿತ್ರ ಬಿಡಲು ಮನಸ್ಸಾಗದಿದ್ದರೆ ಶಾಲೆ ಮಕ್ಕಳಿಗೆ ಬೇರೆ ದಿನ ತೋರಿಸಿ. ಎಲ್ಲಕ್ಕೂ ಪರವಾನಗಿ ತಗೊಂಡೇ ಹಾಕಿ. ಅದಕ್ಕೆ ಸಮಯ ಹಿಡಿಯುತ್ತದೆ, ಈಗಲೇ ಪತ್ರ ಬರೆಯಲು ಶುರು ಮಾಡಿ.

ಅಮೆರಿಕದ ದಕ್ಷಿಣ ರಾಜ್ಯಗಳವರ ಇಂಗ್ಲಿಷ್ ಉಚ್ಚಾರಣೆ ನಮ್ಮ ಜಿಲ್ಲೆಗಳ ಹುಡುಗರಿಗೆ ಕಷ್ಟ. ಪ್ರತಿ ಚಿತ್ರಕ್ಕೂ ಎರಡು ಪುಟದ ಕನ್ನಡ ಟಿಪ್ಪಣಿ ಬಾಗಿಲಲ್ಲೇ ಕೈಗೆ ಕೊಡಿ. ಕಥೆ ಹೇಳಿಬಿಟ್ಟರೆ ಮಜಾ ಹೋಗುತ್ತದೆ, ಆ ಕಾಲದ ಕಾನೂನು ಏನಿತ್ತು, ಚಿತ್ರೀಕರಣ ಎಲ್ಲಿ ನಡೆಯಿತು, ಪಾತ್ರಕ್ಕೆ ಯಾರು ಏನು ತೆತ್ತರು ಅಂತ ಬರೆದರೆ ಸಾಕು.

ಒಂದು ಪ್ರದರ್ಶನ ಯಲ್ಲಾಪುರ, ಹಳಿಯಾಳದ ಕಡೆಯೂ ಆಗಲಿ. ನಮ್ಮ ಸಿದ್ದಿ ಜನರ ಪೂರ್ವಜರು ಆಫ್ರಿಕಾದಿಂದ ಬಂದವರು, ಅನೇಕರನ್ನು ಗುಲಾಮರಾಗಿ ತಂದದ್ದು. ಅವರ ಮಕ್ಕಳು ಈಗ ನಾಟಕ, ಸಿನಿಮಾ ಎರಡರಲ್ಲೂ ಇದ್ದಾರೆ. ಕನ್ನಡ ಚಿತ್ರಗಳಲ್ಲಿ ಎಂಥ ಪಾತ್ರ ಹುಡುಕಿಕೊಂಡು ಬರುತ್ತದೆ, ಎಂಥದ್ದನ್ನು ಬೇಡ ಅಂದಿದ್ದೀರಿ ಅಂತ ಅವರನ್ನೇ ಕೇಳಿ, ಅವರ ಮಾತಿಗೆ ಒಂದು ಗಂಟೆ ಪೂರ್ತಿ ಬಿಟ್ಟುಕೊಡಿ. ದಲಿತ ಹುಡುಗ ಹುಡುಗಿಯರು ಸಿನಿಮಾ ಕಲಿಯುತ್ತಿರುವ ಕಾಲೇಜುಗಳಲ್ಲೂ ಹಾಗೇ ಮಾಡಿ. ‘ಬಕ್ ಆ್ಯಂಡ್ ದ ಪ್ರೀಚರ್’ ಬಂದ 1972ರಲ್ಲೇ ಮುಂಬೈಯ ಯುವಕರು ಅಮೆರಿಕದ ಕಪ್ಪು ಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡಿದ್ದರು. ಈ ಎರಡು ಕಡೆಯ ಮಾತುಕತೆ ಹೊಸದೇನಲ್ಲ.

ಟಿಪ್ಪಣಿ ಬರೆಯೋಕೆ, ಸಬ್‌ಟೈಟಲ್‌ಗಳನ್ನು ಕನ್ನಡಕ್ಕೆ ತರೋಕೆ ಕೈ ಬೇಕಿದ್ದರೆ ನಾನು ಸಿದ್ಧ. ಸಂಭಾವನೆ ಬೇಡ, ಊಟ ಹಾಕಿದರೆ ಸಾಕು. ನಿಮ್ಮ ಊರಿನ ದಿನಾಂಕ, ಜಾಗ ತಿಳಿಸಿ.

ಇತಿ,
ನಿಮ್ಮ ಸಭೆಗಳಲ್ಲಿ ಕೂತು ಸಿನಿಮಾ ನೋಡಿ ಬೆಳೆದ ಒಬ್ಬ ಪ್ರೇಕ್ಷಕ